ಎರಡು ದೋಣಿಯಲ್ಲಿ ಟರ್ಕಿ

ಮಾನ್ಯ ಸಂಪಾದಕರೇ,

ಎರಡು ದೋಣಿಯಲ್ಲಿ ಕಾಲಿಟ್ಟವರು ಮುಳುಗುತ್ತಾರೆ ಅಂತಾರೆ. ರಷ್ಯಾ-ಉಕ್ರೇನ್ ಯುದ್ಧದಲ್ಲಿ ಟರ್ಕಿ ಮುಳುಗಲಿಲ್ಲ. ಉಕ್ರೇನ್‌ಗೆ ಡ್ರೋನ್ ಮಾರಿತು, ರಷ್ಯಾದಿಂದ ಗ್ಯಾಸ್ ಕೊಂಡಿತು. ತನ್ನ ಜಲಸಂಧಿಗಳಲ್ಲಿ ಹಡಗು ಸಂಚಾರದ ನಿಯಮ ಹೇಳುವ 1936ರ ಮಾಂಟ್ರೊ ಒಪ್ಪಂದ ಹಿಡಿದು, ಕಪ್ಪು ಸಮುದ್ರಕ್ಕೆ ಹೋಗುವ ಆ ದಾರಿಯನ್ನು ಯುದ್ಧನೌಕೆಗಳಿಗೆ ಮುಚ್ಚಿತು. 2022ರ ಜುಲೈನಲ್ಲಿ ವಿಶ್ವಸಂಸ್ಥೆ ಜೊತೆ ಸೇರಿ, ಉಕ್ರೇನ್‌ನ ಧಾನ್ಯ ಸಮುದ್ರದ ಮೂಲಕ ಹೊರಹೋಗಲು ಧಾನ್ಯ ಒಪ್ಪಂದ ಮಾಡಿಸಿತು. ಇಸ್ತಾಂಬುಲ್ ಬಳಿ ರಷ್ಯಾ, ಉಕ್ರೇನ್, ಟರ್ಕಿ, ವಿಶ್ವಸಂಸ್ಥೆಯವರು ಒಟ್ಟಿಗೇ ಹಡಗು ಹತ್ತಿ ತಪಾಸಣೆ ಮಾಡುತ್ತಿದ್ದರು. ಅತ್ತ ಯುದ್ಧ, ಇತ್ತ ಇದು! ಸುಮಾರು 3.3 ಕೋಟಿ ಟನ್ ಧಾನ್ಯ, ಆಹಾರ ಹೊರಬಂತು. ಆ ವರ್ಷ ನಮ್ಮ ಅಡುಗೆಮನೆಯಲ್ಲೂ ಉಕ್ರೇನ್‌ನಿಂದ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯನ್ನು ಅಳೆದು ಸುರಿಯುತ್ತಿದ್ದೆವು, ನೆನಪಿದೆ ಅಲ್ವಾ? ಟರ್ಕಿ ಪುಣ್ಯಕ್ಕೇನೂ ಮಾಡಲಿಲ್ಲ, ಅದಕ್ಕೂ ಲಾಭವಿತ್ತು. ಆದರೂ ಸುಮ್ನೆ ಭಾಷಣ ಬಿಗಿದವರಿಗಿಂತ ವಾಸಿ. 2023ರ ಜುಲೈನಲ್ಲಿ ರಷ್ಯಾ ಹಿಂದೆ ಸರಿಯಿತು. ಒಪ್ಪಂದ ಅಲ್ಲಿಗೇ ನಿಂತಿತು.

– ಓದುಗ, ಹಾವೇರಿ