ಗೂಗಲ್ ಚೀನಾ ಬಿಟ್ಟದ್ದು ಯಾಕೆ?

ಮಾನ್ಯರೇ,

ಬೆಳೆಯುತ್ತಿರುವ ಮಾರುಕಟ್ಟೆಯಿಂದ ಯಾವ ಕಂಪನಿ ಹೊರಬಂದರೂ ನಮ್ಮಲ್ಲಿ ಮೊದಲು ಬರುವ ಮಾತು ಒಂದೇ, ಪೈಪೋಟಿ ತಡೆಯೋಕಾಗದೆ ಓಡಿಹೋಯಿತು ಅಂತ. 2010ರಲ್ಲಿ ಗೂಗಲ್ ಚೀನಾದಿಂದ ತನ್ನ ಸರ್ಚ್ ತೆಗೆದದ್ದಕ್ಕೂ ಇದೇ ಮಾತು ಹೇಳುತ್ತಾರೆ. ಚೀನಾದ್ದೇ ಆದ ‘ಬೈದು’ ಎಂಬ ಸರ್ಚ್ ಕಂಪನಿ ಮುಂದಿತ್ತು, ನಿಜ. ಆದರೆ ಗೂಗಲ್ ಎರಡನೇ ಸ್ಥಾನದಲ್ಲಿ ಗಟ್ಟಿಯಾಗೇ ಇತ್ತು, ಅಲ್ಲಿ ಆಗಲೇ 38 ಕೋಟಿ ಜನ ಇಂಟರ್ನೆಟ್ ಬಳಸುತ್ತಿದ್ದರು. ಬರೀ ದುಡ್ಡಿನ ಲೆಕ್ಕ ಹಾಕುವವರು ಅಂಥ ಜಾಗ ಬಿಡುತ್ತಾರಾ?

2006ರಲ್ಲಿ ಚೀನಾಕ್ಕೆಂದೇ ಪುಟ ತೆರೆದಾಗ, ಸರ್ಕಾರಕ್ಕೆ ಬೇಡವಾದದ್ದನ್ನು ತೋರಿಸದಿರಲು ಗೂಗಲ್ ಒಪ್ಪಿತ್ತು. ಅದು ತಪ್ಪೇ ಅಂತ ನಾನು ಹೇಳುತ್ತೇನೆ. 2009ರಲ್ಲಿ ಯೂಟ್ಯೂಬ್ ಬಂದ್ ಮಾಡಿದರು, ಅದನ್ನೂ ಸಹಿಸಿಕೊಂಡಿತು. ಸಹಿಸಲಾಗದೆ ಹೋದದ್ದು ಆ ವರ್ಷದ ಕೊನೆಯಲ್ಲಿ ತನ್ನದೇ ಕಂಪ್ಯೂಟರ್‌ಗಳಿಗೆ ಕನ್ನ ಬಿದ್ದಾಗ. ದಾಳಿ ಚೀನಾದಿಂದ ಬಂದಿದೆ, ಮಾನವ ಹಕ್ಕುಗಳ ಹೋರಾಟಗಾರರ ಜಿಮೇಲ್ ಮೇಲೇ ಕಣ್ಣಿತ್ತು ಅಂತ ತೋರುತ್ತದೆ ಎಂದು 2010ರ ಜನವರಿ 12ರಂದು ಕಂಪನಿ ಬಹಿರಂಗವಾಗಿ ಹೇಳಿತು. ಮಾರ್ಚ್ 22ರಿಂದ ಚೀನಾ ಪುಟ ತೆರೆದವರನ್ನು ಸೆನ್ಸಾರ್ ಮಾಡದ ತನ್ನ ಹಾಂಗ್‌ಕಾಂಗ್ ಪುಟಕ್ಕೆ ಕಳಿಸತೊಡಗಿತು.

ಮೇಲ್ ಒಳಗೆ ಕೈ ಹಾಕುವುದು ಸಣ್ಣ ವಿಷಯ ಅಲ್ಲ. ಶಿ ತಾವೊ ಎಂಬ ಪತ್ರಕರ್ತ, ತಿಯಾನನ್ಮೆನ್ (1989ರಲ್ಲಿ ಬೀಜಿಂಗ್‌ನಲ್ಲಿ ಪ್ರತಿಭಟನಾಕಾರರನ್ನು ಸೇನೆ ಕೊಂದ ಘಟನೆ) ವರ್ಷಾಚರಣೆಯ ಸುದ್ದಿ ಬಗ್ಗೆ ಸರ್ಕಾರ ಪತ್ರಿಕೆಗಳಿಗೆ ಕೊಟ್ಟಿದ್ದ ಸೂಚನೆಯನ್ನು ಯಾಹೂ ಮೇಲ್‌ನಲ್ಲಿ ಹೊರದೇಶಕ್ಕೆ ಕಳಿಸಿದ್ದರು. ಯಾಹೂ ಅವರ ಖಾತೆಯ ವಿವರ ಕೊಟ್ಟಿತು, 2005ರಲ್ಲಿ 10 ವರ್ಷ ಜೈಲಾಯಿತು. ಒಂದು ಮೇಲ್‌ಗೆ!

ಗೂಗಲ್‌ನವರಿಗೆ ಇದು ಗೊತ್ತಿರಲಿಲ್ಲವೇ? ಸಂಸ್ಥಾಪಕ ಸರ್ಗೈ ಬ್ರಿನ್ ಹುಟ್ಟಿದ್ದೇ ಸೋವಿಯತ್ ಮಾಸ್ಕೋದಲ್ಲಿ, ಹೊರಬರಬೇಕು ಎಂದು ಪಟ್ಟು ಹಿಡಿದವರಲ್ಲಿ ಅವರೂ ಒಬ್ಬರು. ಇದರಲ್ಲಿ ವ್ಯಾಪಾರವೂ ಇದೆ ಅನ್ನಿ, ನಾನು ಅಲ್ಲಗಳೆಯುವುದಿಲ್ಲ. ಒಂದು ದೇಶದಲ್ಲಿ ಮೇಲ್ ಸೋರುತ್ತದೆ ಅಂತಾದರೆ ಮೈಸೂರಿನಲ್ಲಿ ಕೂತ ನಾನಾದರೂ ಯಾಕೆ ನಂಬಬೇಕು? ಆ ನಂಬಿಕೆ ಚೀನಾದ ಜಾಹೀರಾತು ಹಣಕ್ಕಿಂತ ಜಾಸ್ತಿ ಬೆಲೆಯದು.

ಆಸೆ ಪೂರ್ತಿ ಹೋಗಿರಲಿಲ್ಲ. ಚೀನಾಕ್ಕೆ ಮತ್ತೆ ಸೆನ್ಸಾರ್ ಆದ ಸರ್ಚ್ ಗುಟ್ಟಾಗಿ ತಯಾರಾಗುತ್ತಿದೆ ಅಂತ 2018ರಲ್ಲಿ ಸುದ್ದಿ ಬಂತು, ಡ್ರ್ಯಾಗನ್‌ಫ್ಲೈ ಅಂತ ಅದರ ಹೆಸರು. ಸಾವಿರಕ್ಕೂ ಜಾಸ್ತಿ ನೌಕರರು ಸಹಿ ಹಾಕಿ ಪ್ರಶ್ನಿಸಿದರು. ಅದನ್ನು ಕೈಬಿಟ್ಟಿದ್ದೇವೆ ಅಂತ ಮರುವರ್ಷ ಕಂಪನಿ ಅಮೆರಿಕದ ಸೆನೆಟ್ ಸಮಿತಿಗೆ ಹೇಳಿತು. ಸಹಿ ಹಾಕಿದ ಆ ನೌಕರರ ಬಗ್ಗೆ ನನಗೆ ತುಂಬಾ ಗೌರವ ಇದೆ.

ಇಂತಿ,
ಓದುಗ, ಮೈಸೂರು