ಕೋಟೆಯ ಯುದ್ಧ ಸ್ಮಾರಕಕ್ಕೆ ಹೋಗುವ ದಾರಿಯಲ್ಲಿ ಕನ್ನಡ ಮಾಹಿತಿ ಫಲಕ ಹಾಕಿಸಿಕೊಡಲು ಮನವಿ

ಗೆ,
ಮುಖ್ಯಾಧಿಕಾರಿಗಳು,
ಪುರಸಭೆ ಕಾರ್ಯಾಲಯ, ಶ್ರೀರಂಗಪಟ್ಟಣ,
ಮಂಡ್ಯ ಜಿಲ್ಲೆ.

ಇಂದ,
ಕೋಟೆ ಭಾಗದ ನಿವಾಸಿಗಳು, ಶ್ರೀರಂಗಪಟ್ಟಣ.

ವಿಷಯ: 1799ರ ಯುದ್ಧದ ಸ್ಮಾರಕ ಸ್ತಂಭದ ಇತಿಹಾಸವನ್ನು ಕನ್ನಡದಲ್ಲಿ ಬರೆಸಿ ಹಾಕಿಸುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಕೋಟೆಯ ಪಶ್ಚಿಮ ಬದಿಯಲ್ಲಿ ಹೊಳೆ ಕಡೆ ನಿಂತಿರುವ ಕಲ್ಲಿನ ಸ್ತಂಭ ಯಾರ ನೆನಪಿನದು ಎಂದು ಪ್ರವಾಸಿಗರು ಕೇಳಿದರೆ ನಮ್ಮೂರಿನವರೇ ತಲೆಗೊಂದು ಉತ್ತರ ಹೇಳುತ್ತೇವೆ. ಟಿಪ್ಪು ಸುಲ್ತಾನರು ಬಿದ್ದ ಜಾಗ ಅದೇ ಎಂದುಕೊಂಡವರೂ ಇದ್ದಾರೆ. ಅವರು ಮಡಿದದ್ದು ಅಲ್ಲಲ್ಲ, ಕೋಟೆಯೊಳಗೆ ನೀರು ಬಾಗಿಲಿನ ಹತ್ತಿರ.

ಸ್ತಂಭವನ್ನು ನಿಲ್ಲಿಸಿದ್ದು ಕಂಪನಿ ಸರ್ಕಾರವಲ್ಲ. 1907ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಸರ್ಕಾರ. ಬ್ರಿಟಿಷ್ ಸೇನಾಪತಿ ಜನರಲ್ ಹ್ಯಾರಿಸ್‌ನ ಸೈನ್ಯ 1799ರ ಮೇ 4ರಂದು ಕೋಟೆ ಹಿಡಿದದ್ದರ ನೆನಪಿಗೆ, ಯುದ್ಧ ಮುಗಿದು ನೂರು ವರ್ಷ ದಾಟಿದ ಮೇಲೆ. ಇಂಗ್ಲಿಷಿನಲ್ಲಿ ಕೆತ್ತಿರುವ ಹೆಸರುಗಳೆಲ್ಲ ಮುತ್ತಿಗೆ ಹಾಕಿದವರ ಕಡೆಯವು.

ಗೋಡೆ ಒಡೆದದ್ದು ಆ ಬದಿಯಲ್ಲೇ. ಆಗ ಕನ್ನಂಬಾಡಿ ಕಟ್ಟೆ ಇರಲಿಲ್ಲ. ಬೇಸಿಗೆಯಲ್ಲಿ ಕಾವೇರಿ ತಾನಾಗಿಯೇ ಬತ್ತಿ ಬಂಡೆಗಳು ಎದ್ದು ಕಾಣುತ್ತಿದ್ದವು. ಮಳೆ ಹಿಡಿದು ಹೊಳೆ ತುಂಬಿದರೆ ಮುತ್ತಿಗೆ ಕೆಟ್ಟಂತೆಯೇ. 1791ರ ಮೇ ತಿಂಗಳಲ್ಲಿ ಹತ್ತಿರದ ಅರಕೆರೆಯವರೆಗೆ ಬಂದಿದ್ದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಮಳೆಗೂ ಮೇವಿನ ಕೊರತೆಗೂ ಸೋತು, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಗೆಡವಿ ಹಿಂದಿರುಗಿದ್ದ. ಹ್ಯಾರಿಸ್‌ಗೆ ಅದು ಗೊತ್ತಿತ್ತು, ಹೊಳೆ ತುಂಬುವ ಮುಂಚೆಯೇ ದಾಳಿ ಮಾಡಿಸಿದ. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ದಾಳಿ ನಡೆಸಿದ ಅವನ ಸೇನಾಧಿಕಾರಿ ಬೇರ್ಡ್, ಹಿಂದೆ 1780ರ ಪೊಳ್ಳಿಲೂರಿನ ಯುದ್ಧದಲ್ಲಿ ಮೈಸೂರಿನವರಿಗೆ ಸೆರೆಸಿಕ್ಕಿ ಇದೇ ಊರಿನಲ್ಲಿ ವರ್ಷಗಟ್ಟಲೆ ಬಂದಿಯಾಗಿದ್ದವನು. ಇಂಥ ಸಂಗತಿಗಳನ್ನು ನಮ್ಮ ಶಾಲೆ ಮಕ್ಕಳು ಹೊಳೆ ನೋಡುತ್ತ ನಿಂತಲ್ಲೇ ಓದುವಂತಾಗಬೇಕು.

ಸ್ತಂಭದ ಮೇಲಿಲ್ಲದ ಹೆಸರುಗಳೂ ಫಲಕದಲ್ಲಿ ಬರಲಿ ಎಂಬುದೇ ನಮ್ಮ ಮುಖ್ಯ ಕೋರಿಕೆ. ಸಯ್ಯದ್ ಗಫಾರ್ ಕೋಟೆ ಕಾಯುತ್ತಿದ್ದ ಸರದಾರ. ದಾಳಿಗೆ ಸ್ವಲ್ಪ ಮುಂಚೆ ಗುಂಡೇಟಿಗೆ ಬಲಿಯಾದ. ಅವನೊಂದಿಗೆ ಸತ್ತ ಸಾಮಾನ್ಯ ಸಿಪಾಯಿಗಳ ಹೆಸರು ಸಿಗಲಾರದು, ಆದರೆ ಅವರೂ ಇಲ್ಲಿ ಮಡಿದರು ಎಂಬ ಒಂದು ಸಾಲಾದರೂ ಇರಬೇಕು. ಇದರಲ್ಲಿ ಯಾರ ಪರ, ಯಾರ ವಿರೋಧ ಎಂಬ ರಾಜಕೀಯ ನಮಗೆ ಬೇಡ. ಸ್ತಂಭದ ಒಂದು ಅಕ್ಷರವನ್ನೂ ತಿದ್ದಿ ಎಂದು ನಾವು ಕೇಳುತ್ತಿಲ್ಲ.

ಫಲಕವನ್ನು ಸ್ಮಾರಕದ ಆವರಣದೊಳಗೆ ಹಾಕುವುದಾದರೆ ಸಂಬಂಧಪಟ್ಟ ಇಲಾಖೆಯ ಅನುಮತಿ ಬೇಕು ಎಂಬುದು ನಮಗೆ ತಿಳಿದಿದೆ. ಆದ್ದರಿಂದ ಅಲ್ಲಿಗೆ ಹೋಗುವ ದಾರಿಯಲ್ಲಿ, ಪುರಸಭೆಯ ಜಾಗದಲ್ಲೇ ನಿಲ್ಲಿಸಿದರೆ ಸಾಕು. ಬರಹವನ್ನು ಇತಿಹಾಸ ಬಲ್ಲವರಿಗೆ ತೋರಿಸಿಯೇ ಅಂತಿಮಗೊಳಿಸಿ. ತಗಡಿನ ಬೋರ್ಡು ಮಾತ್ರ ಬೇಡ, ಎರಡು ಮಳೆಗಾಲಕ್ಕೆ ತುಕ್ಕು ಹಿಡಿಯುತ್ತದೆ, ಕಲ್ಲಿನಲ್ಲೇ ಕೆತ್ತಿಸಿಕೊಡಿ.

ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ತೀರ್ಮಾನವನ್ನು ನಮಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿಗಳು,
ಕೋಟೆ ಭಾಗದ ನಿವಾಸಿಗಳು
(ಸಹಿಗಳ ಪಟ್ಟಿ ಲಗತ್ತಿಸಿದೆ)