ಕಡತದಲ್ಲಿ ಹೆಸರಿಲ್ಲದವರು

ಮಾನ್ಯರೇ,

ನಾಜಿ ಶಿಬಿರಗಳಿಂದ ಬದುಕಿ ಬಂದ ಯಹೂದಿಗಳ ಬಗ್ಗೆ ಬರೆಯುವಾಗ ಎರಡು ತಪ್ಪುಗಳು ಮತ್ತೆ ಮತ್ತೆ ನುಸುಳುತ್ತವೆ. ಎಲ್ಲ ಶಿಬಿರಗಳಲ್ಲೂ ಕೈಮೇಲೆ ಸಂಖ್ಯೆಯ ಹಚ್ಚೆ ಹಾಕುತ್ತಿದ್ದರು ಎಂಬುದು ಒಂದು. ಕೊಂದವರೆಲ್ಲರ ಹೆಸರನ್ನೂ ನಾಜಿಗಳು ಬರೆದಿಟ್ಟಿದ್ದರು ಎಂಬುದು ಇನ್ನೊಂದು. ಎರಡನೆಯದು ಹೆಚ್ಚು ಕ್ರೂರವಾದದ್ದು. ತಾಯಿಯ ಹೆಸರು ಯಾವ ಕಡತದಲ್ಲೂ ಸಿಗದವರ ಮಾತನ್ನೇ ಅನುಮಾನಿಸಲು ಅದು ಎಡೆ ಮಾಡಿಕೊಡುತ್ತದೆ.

ಹಚ್ಚೆ ಇದ್ದದ್ದು ಆಶ್‌ವಿಟ್ಜ್ ಮತ್ತು ಅದಕ್ಕೆ ಸೇರಿದ ಶಿಬಿರಗಳಲ್ಲಿ ಮಾತ್ರ. ಅಲ್ಲೂ ರೈಲಿನಿಂದ ಇಳಿದವರಲ್ಲಿ ದುಡಿಯಬಲ್ಲವರನ್ನು ಬೇರೆ ಮಾಡಿ, ವೃದ್ಧರನ್ನೂ ಮಕ್ಕಳನ್ನೂ ಮಕ್ಕಳ ಕೈಹಿಡಿದ ತಾಯಂದಿರನ್ನೂ ನೇರವಾಗಿ ಗ್ಯಾಸ್ ಚೇಂಬರಿಗೆ ಕಳಿಸುತ್ತಿದ್ದರು. ಅವರಿಗೆ ಸಂಖ್ಯೆಯೂ ಇಲ್ಲ, ನೋಂದಣಿಯೂ ಇಲ್ಲ. ಅಲ್ಲಿಗೆ ಸಾಗಿಸಿದ ಸುಮಾರು 11 ಲಕ್ಷ ಯಹೂದಿಗಳಲ್ಲಿ ನೋಂದಣಿಯಾದವರು 2 ಲಕ್ಷದಷ್ಟು. ಸೋವಿಯತ್ ಸೇನೆ ಸಮೀಪಿಸಿದಾಗ ಇದ್ದ ಕಾಗದಗಳಲ್ಲೂ ಬಹುಪಾಲನ್ನು ಸುಟ್ಟರು. ಕೊಲ್ಲುವುದಕ್ಕೆಂದೇ ಇದ್ದ ಶಿಬಿರಗಳಾದ ಟ್ರೆಬ್ಲಿಂಕಾ, ಸೋಬಿಬೋರ್, ಬೆಲ್ಜೆಕ್‌ಗಳಲ್ಲಿ ಬಂದವರನ್ನು ಹೆಸರು ಕೇಳದೆಯೇ ಕೊಂದರು. 1941ರ ಸೆಪ್ಟೆಂಬರ್ 29 ಮತ್ತು 30ರಂದು ಕೀವ್ ಬಳಿಯ ಬಾಬಿ ಯಾರ್ ಕಮರಿಯಲ್ಲಿ ಯಹೂದಿಗಳನ್ನು ಗುಂಡಿಕ್ಕಿ ಕೊಂದವರು ಕಳಿಸಿದ ವರದಿಯಲ್ಲಿರುವುದು 33,771 ಎಂಬ ಸಂಖ್ಯೆ, ಹೆಸರುಗಳಲ್ಲ.

ಆದ್ದರಿಂದ ಹುಡುಕಾಟ ಶುರುವಾಗಬೇಕಾದದ್ದು ಸತ್ತ ಜಾಗದಿಂದಲ್ಲ, ಹೊರಟ ಊರಿನಿಂದ. ನೆದರ್ಲೆಂಡ್ಸ್‌ನ ವೆಸ್ಟರ್‌ಬೋರ್ಕ್, ಫ್ರಾನ್ಸ್‌ನ ದ್ರಾನ್ಸಿ ಎಂಬ ಸಾಗಣೆ ಶಿಬಿರಗಳಿಂದ ಹೊರಟ ರೈಲುಗಳ ಪಟ್ಟಿಗಳು ಉಳಿದಿವೆ. 1944ರ ಮೇ 15ರಿಂದ ಜುಲೈ 9ರೊಳಗೆ ಹಂಗೇರಿಯಿಂದ ಸಾಗಿಸಿದ ಸುಮಾರು 4.37 ಲಕ್ಷ ಜನರ ವಿಷಯದಲ್ಲಿ ಅಂಥ ಪಟ್ಟಿಗಳು ಬಹುತೇಕ ಇಲ್ಲ.

ನಾಜಿ ದೌರ್ಜನ್ಯಕ್ಕೆ ತುತ್ತಾದವರ ಕಾಗದಪತ್ರಗಳಿರುವ ಜರ್ಮನಿಯ ಅರೋಲ್ಸೆನ್ ದಾಖಲಾಗಾರದಲ್ಲಿ ಸುಮಾರು 3 ಕೋಟಿ ದಾಖಲೆಗಳಿವೆ, ಹುಡುಕಲು ಶುಲ್ಕವಿಲ್ಲ. ಆದರೂ ಒಂದೇ ಸಲಕ್ಕೆ ಕೈಚೆಲ್ಲಬಾರದು. ಮೋಶೆ, ಮೊರಿಟ್ಜ್, ಮೌರಿಸ್ ಒಬ್ಬನೇ ಇರಬಹುದು. ಲೆಂಬರ್ಗ್, ಲ್ವುಫ್, ಲ್ವೀವ್ ಒಂದೇ ಊರು. 1939ರ ಜನವರಿಯಿಂದ ಜರ್ಮನಿಯ ಯಹೂದಿ ಗಂಡಸರ ಹೆಸರಿಗೆ ‘ಇಸ್ರೇಲ್’, ಹೆಂಗಸರ ಹೆಸರಿಗೆ ‘ಸಾರಾ’ ಎಂದು ಕಡ್ಡಾಯವಾಗಿ ಸೇರಿಸಿದ್ದರು. ಅದು ಅವರ ಸ್ವಂತ ಹೆಸರಲ್ಲ. ಹುಟ್ಟಿದ ವರ್ಷ ಎರಡು ಮೂರು ವರ್ಷ ಹಿಂದಿದ್ದರೆ ಗುಮಾಸ್ತನ ತಪ್ಪೇ ಆಗಬೇಕಿಲ್ಲ. ಜೀವ ಉಳಿಸಿಕೊಳ್ಳಲು ಎಷ್ಟೋ ಮಕ್ಕಳು ವಯಸ್ಸು ಹೆಚ್ಚಿಸಿ ಹೇಳಿದ್ದರು.

ಮರಣಪತ್ರದ ತಾರೀಖನ್ನೂ ಹಾಗೆಯೇ ನಂಬುವಂತಿಲ್ಲ. ಕಣ್ಮರೆಯಾದವರಲ್ಲಿ ಅನೇಕರು 1945ರ ಮೇ 8ರಂದು, ಅಂದರೆ ಯೂರೋಪಿನಲ್ಲಿ ಯುದ್ಧ ಮುಗಿದ ದಿನ, ಸತ್ತರೆಂದು ಜರ್ಮನ್ ನ್ಯಾಯಾಲಯಗಳು ಘೋಷಿಸಿದವು. ಸತ್ತ ತಿಥಿಯಂದು ಕದ್ದಿಶ್ ಪ್ರಾರ್ಥನೆ ಹೇಳಬೇಕಾದ ಮಗನಿಗೆ ಆ ತಾರೀಖಿನಿಂದ ಏನು ಉಪಯೋಗ? ತಿಥಿ ತಿಳಿಯದವರಿಗಾಗಿಯೇ ಇಸ್ರೇಲಿನ ಮುಖ್ಯ ಧರ್ಮಗುರುಗಳ ಪೀಠ ಯಹೂದಿ ಪಂಚಾಂಗದ ತೇವೇತ್ ಮಾಸದ 10ನೇ ದಿನವನ್ನು ಗೊತ್ತುಮಾಡಿತು.

ವರದಿಗಾರರಲ್ಲಿ ನಮ್ಮ ಕೋರಿಕೆ ಇಷ್ಟೆ: ‘ದಾಖಲೆ ಇಲ್ಲ’ ಎಂದು ಬರೆಯುವಾಗ ಏಕಿಲ್ಲ ಎಂಬುದನ್ನೂ ಒಂದು ಸಾಲಿನಲ್ಲಿ ಬರೆಯಿರಿ. ದಾಖಲೆ ಸಿಗದವರಿಗೂ ಒಂದು ದಾರಿಯಿದೆ: ಹತ್ಯೆಯಾದ ಯಹೂದಿಗಳ ನೆನಪಿಗಾಗಿ ಇರುವ ಜೆರುಸಲೇಮಿನ ಯಾದ್ ವಾಶೆಮ್ ಸಂಸ್ಥೆ ಬಂಧುಗಳಿಂದ ಬರೆಸಿಕೊಳ್ಳುವ ಸಾಕ್ಷ್ಯಪುಟದಲ್ಲಿ ಹೆಸರು, ತಂದೆತಾಯಿ, ಊರು, ಕಸುಬು ಇವುಗಳಲ್ಲಿ ಗೊತ್ತಿದ್ದಷ್ಟನ್ನು ಬರೆದು ಉಳಿದದ್ದನ್ನು ಖಾಲಿ ಬಿಡಬಹುದು.

ಇಂತಿ,
ಇತಿಹಾಸಾಸಕ್ತ ಓದುಗರು